ಎರಡನೇ ಸಂಬಂಧ ಎಂಬ ಕ್ಲಾಸು

ಸಡಿಲ ಭಾಷೆಗಳನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಕಂಪ್ಯೂಟರ್ ಭಾಷೆಗಳ ಮಾತು ಹೇಳುತ್ತಿದ್ದೇನೆ. ಕೆಲವು ಭಾಷೆಗಳಲ್ಲಿ ವಯಸ್ಸು ಬರೆಯುವ ಜಾಗದಲ್ಲಿ ಊರಿನ ಹೆಸರು ಬರೆದರೂ ಪ್ರೋಗ್ರಾಂ ತೆಪ್ಪಗಿರುತ್ತದೆ. ಆಮೇಲೆ ಯಾವತ್ತೋ ಗಿರಾಕಿಯ ಕಣ್ಣೆದುರಿಗೇ ಮಕಾಡೆ ಮಲಗುತ್ತದೆ. ನಾನು ಜಾವಾದಲ್ಲಿ ಬರೆಯುವವಳು. ಜಾವಾದಲ್ಲಿ ಪ್ರತಿಯೊಂದಕ್ಕೂ ಅದರ ಟೈಪ್ ಏನೆಂದು ಮೊದಲೇ ಹೇಳಬೇಕು. ಇದು ಸಂಖ್ಯೆ, ಇದು ಹೆಸರು, ಇದು ತಾರೀಖು. ಹೇಳಿದ್ದನ್ನು ಮೀರಿದರೆ, ನಾವು ಬರೆದದ್ದನ್ನು ಓಡಿಸುವ ಮುಂಚೆ ತಪಾಸಣೆ ಮಾಡುವ ಕಂಪೈಲರ್ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಯಾರ ಮುಲಾಜಿಗೂ ಬೀಳುವುದಿಲ್ಲ. “ಏನ್ ಮೇಡಂ, ಇನ್ನೂ ಜಾವಾದಲ್ಲೇ ಇದೀರಾ?” ಅಂತ ಈಗಿನ ಹುಡುಗರು ನಗುತ್ತಾರೆ. ನಗಲಿ. ಮುಲಾಜಿಲ್ಲದ ಒಂದಾದರೂ ವಸ್ತು ಮನೆಯಲ್ಲಿರಲಿ ಅಂತ ನಾನು ಅದನ್ನು ಇಟ್ಟುಕೊಂಡಿದ್ದೇನೆ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ. ಮುಂದಿನ ರೂಮನ್ನೇ ಆಫೀಸು ಮಾಡಿಕೊಂಡು ಸ್ಕೂಲುಗಳಿಗೆ, ಔಷಧಿ ಅಂಗಡಿಗಳಿಗೆ, ಕಲ್ಯಾಣ ಮಂಟಪಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ನನಗೆ ಮದುವೆ ಬೇಕೆನಿಸಲಿಲ್ಲ, ಆಗಲಿಲ್ಲ. ಹಾಗಿದ್ದೂ ನಮ್ಮ ಸಮುದಾಯದ ವಧೂವರರ ಕೇಂದ್ರದವರು ಗಂಡು ಹೆಣ್ಣು ಕೂಡಿಸುವ ಸಾಫ್ಟ್‌ವೇರ್ ಮಾಡಿಕೊಡಿ ಎಂದು ನನ್ನನ್ನೇ ಕರೆದರು. ಅಲ್ಲಿ ಆಗಲೇ ಒಂದಿತ್ತು. ಯಾರೋ ಸಡಿಲ ಭಾಷೆಯಲ್ಲಿ ಬರೆದುಕೊಟ್ಟು ಹೋಗಿದ್ದರು. ಅದರಲ್ಲಿ ಕುಣಿಗಲ್ ಕಡೆಯ ಒಬ್ಬ ಹುಡುಗ ಹೇಗೋ ಹೆಣ್ಣುಗಳ ಪಟ್ಟಿಗೆ ಸೇರಿಬಿಟ್ಟಿದ್ದ. ಹುಡುಗರ ತಾಯಂದಿರು ಅವನಿಗೆ ಫೋನ್ ಮಾಡಿ “ಹುಡುಗಿ ಅಡುಗೆ ಗಿಡುಗೆ ಕಲ್ತವ್ಳಾ?” ಅಂತ ಕೇಳುವುದು, ಅವನು “ನಾನೇ ಹುಡುಗ ಕಣಮ್ಮೋ, ಫೋನ್ ಇಡಿ” ಅಂತ ಕಿರುಚುವುದು. ಕೇಂದ್ರದ ಮಾನ ಹರಾಜಾಗಿತ್ತು. ಬಿಗಿಯಾಗಿರುವುದು ಬೇಕು ಅಂದರು. ಬಿಗಿಯಾಗಿರುವುದು ಬೇಕೆಂದರೆ ನಾನು ಇದ್ದೇನಲ್ಲ.

ಕೇಂದ್ರ ಇರುವುದು ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ. ಭಾನುವಾರ ಸಮಾವೇಶ. ಗುಬ್ಬಿ, ಕುಣಿಗಲ್ ಕಡೆಯಿಂದ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬೆಳಿಗ್ಗೆಯಿಂದ ಊಟದವರೆಗೆ ಮೊದಲ ಸಂಬಂಧದವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತು ತಮ್ಮ ವಿವರ ಹೇಳುತ್ತಾರೆ. ವಿಧವೆಯರು, ವಿಧುರರು, ಡೈವೋರ್ಸ್ ಆದವರು ಎರಡನೇ ಸಂಬಂಧ. ಅವರ ಸರದಿ ಊಟ ಆದಮೇಲೆ. ಅಷ್ಟು ಹೊತ್ತಿಗೆ ಅರ್ಧ ಕುರ್ಚಿ ಖಾಲಿಯಾಗಿರುತ್ತವೆ, ಶಾಮಿಯಾನದವನು ಉಳಿದವನ್ನು ಒಂದರ ಮೇಲೊಂದು ಪೇರಿಸುತ್ತಿರುತ್ತಾನೆ. ಇದು ಯಾರೂ ಬರೆದಿಟ್ಟ ನಿಯಮವಲ್ಲ, ನಡೆದುಕೊಂಡು ಬಂದದ್ದು.

ಆ ನಡೆದುಕೊಂಡು ಬಂದದ್ದನ್ನೇ ಕೋಡಿನಲ್ಲಿ ಬರೆಯಬೇಕು ಎಂದು ಅಧ್ಯಕ್ಷರು ಹೇಳಿದರು. ಅಧ್ಯಕ್ಷರು ರಿಟೈರ್ಡ್ ಮೇಷ್ಟ್ರು, ಮಾತು ಬೆಣ್ಣೆ.

“ಹಿಂದೆ ಒಂದ್ಸಲ ಏನಾಯ್ತು ಗೊತ್ತೇನಮ್ಮ? ಗಂಡಿನ ಕಡೆಯೋರು ಹೆಣ್ಣು ನೋಡಾಕೆ ಹೋಗಿ, ಉಪ್ಪಿಟ್ಟು ತಿಂದು, ಕಾಫಿ ಕುಡ್ದು, ಎಲ್ಲಾ ಆದಮೇಲೆ ಗೊತ್ತಾಯ್ತು, ಹುಡುಗಿಗೆ ಆಗ್ಲೇ ಒಂದು ಮದ್ವೆ ಆಗೈತೆ ಅಂತ. ನಮ್ಮ ಆಫೀಸಿಗೆ ಬಂದು ಕೂಗಾಡಿ ಹೋದ್ರು. ಅಂಥದ್ದು ಆಗಂಗೇ ಇರ್ಬಾರ್ದು. ಆ ಕಡೆ ಬಯೋಡೇಟಾ ಈ ಕಡೆ ಬರಂಗೇ ಇರ್ಬಾರ್ದು.”

ನಾನು ಅವರಿಗೆ ಸಮಾಧಾನವಾಗಿಯೇ ವಿವರಿಸಿದೆ. ಜಾವಾದಲ್ಲಿ ಕ್ಲಾಸ್ ಎಂದರೆ ಅಚ್ಚು. ಅದರಿಂದ ಒತ್ತಿ ತೆಗೆದದ್ದು ಆಬ್ಜೆಕ್ಟ್. ಚಕ್ಕುಲಿ ಒರಳಿನಿಂದ ಒತ್ತಿ ಎಣ್ಣೆಗೆ ಬಿಟ್ಟಮೇಲೆ ಅದು ಚಕ್ಕುಲಿಯೇ, ಆಮೇಲೆ ನಿಪ್ಪಟ್ಟಾಗು ಅಂದರೆ ಆಗುವುದಿಲ್ಲ. ಆಬ್ಜೆಕ್ಟು ಯಾವ ಕ್ಲಾಸಿನಲ್ಲಿ ಹುಟ್ಟುತ್ತದೋ ಅದೇ ಕ್ಲಾಸಿನಲ್ಲಿ ಸಾಯಬೇಕು. ಆದ್ದರಿಂದ ಬದಲಾಗುವ ಸಂಗತಿಗಳನ್ನು ಕ್ಲಾಸ್ ಮಾಡಬಾರದು. ಗಂಡ ಸತ್ತದ್ದು ಒಬ್ಬಳ ಬದುಕಿನಲ್ಲಿ ನಡೆದ ಒಂದು ಸಂಗತಿ, ಅವಳೇ ಬೇರೆ ಅಚ್ಚಿನಿಂದ ಬಂದವಳಲ್ಲ. ಅದನ್ನು ಒಂದು ವಿವರವಾಗಿ ಇಡೋಣ, ಊರು, ಓದು, ಎತ್ತರ ಇರುವ ಹಾಗೆ. ನೋಡುವವರು ನೋಡಿ ತೀರ್ಮಾನ ಮಾಡಿಕೊಳ್ಳಲಿ.

“ಅದೆಲ್ಲಾ ಬ್ಯಾಡಮ್ಮ. ಬೇರೆ ಅಂದ್ರೆ ಬೇರೆ ಇರ್ಬೇಕು.”

“ಗಂಡಸರಿಗೂ ಹಾಗೇನಾ ಸಾರ್?”

“ಗಂಡಸ್ರಿಗೆ ಹಂಗ್ ಮಾಡ್ಬುಟ್ರೆ ಆಯ್ತದಾ? ಅವ್ರು ಎರಡೂ ಕಡೆ ಬರ್ಲಿ. ಒಳ್ಳೆ ಕೆಲ್ಸ ಇದ್ರೆ ಮೊದಲ ಸಂಬಂಧದ ಹೆಣ್ಣಿನೋರೂ ಒಪ್ತಾರೆ.”

ಜಗಳವಾಡಿದೆ. ಇದು ಮನುಷ್ಯರ ವಿಷಯದಲ್ಲೂ ತಪ್ಪು, ಪ್ರೋಗ್ರಾಮಿನ ವಿಷಯದಲ್ಲೂ ತಪ್ಪು ಎಂದು ಹೇಳಿದೆ. ಕಮಿಟಿಯವರೆಲ್ಲ ಟೀ ಲೋಟ ಹಿಡಿದುಕೊಂಡು ನಾನು ಬೇರೆ ಯಾವುದೋ ಭಾಷೆ ಮಾತಾಡುತ್ತಿದ್ದೇನೆ ಅನ್ನುವ ಹಾಗೆ ನನ್ನನ್ನೇ ನೋಡಿದರು. ಕೊನೆಗೆ ಅವರು ಹೇಳಿದ ಹಾಗೇ ಆಯಿತು. ಒಂದು ಕ್ಲಾಸಿನ ಕೆಳಗೆ ಇನ್ನೊಂದನ್ನು ಇಟ್ಟರೆ, ಮೇಲಿನದು ಹೋಗುವ ಕಡೆಗೆಲ್ಲ ಕೆಳಗಿನದೂ ಹೋಗಬಹುದು. ಎರಡನೇ ಸಂಬಂಧದ ಗಂಡನ್ನು ‘ವರ’ ಎಂಬ ಕ್ಲಾಸಿನ ಕೆಳಗೆ ಇಟ್ಟೆವು, ಅವನಿಗೆ ಎಲ್ಲ ಬಾಗಿಲೂ ತೆರೆದವು. ಎರಡನೇ ಸಂಬಂಧದ ಹೆಣ್ಣನ್ನು ‘ವಧು’ವಿನ ಕೆಳಗೆ ಇಡಲಿಲ್ಲ. ಅವಳದು ಬೇರೆಯೇ ಕ್ಲಾಸು, ಗೋಡೆಯಾಚೆ; ಅವಳಿಗೆ ತಾಳೆಯಾಗುವುದು ಎರಡನೇ ಸಂಬಂಧದ ಗಂಡು ಮಾತ್ರ. ಅದರಲ್ಲಿ ಏನೇನಿರಬೇಕು ಎಂದು ಅಧ್ಯಕ್ಷರೇ ಕೂತು ಹೇಳಿದರು. ‘ವಧು’ವಿನಲ್ಲಿ ‘ವರನ ಬಗ್ಗೆ ನಿರೀಕ್ಷೆ’ ಎಂಬ ಒಂದು ಜಾಗ ಇತ್ತು. ಇಲ್ಲಿ ಅದನ್ನು ತೆಗೆಸಿ, ಮಕ್ಕಳಿದ್ದಾರೆಯೇ, ಮಕ್ಕಳು ಯಾರ ಬಳಿ ಇರುತ್ತಾರೆ ಎಂದು ಹಾಕಿಸಿದರು. “ಇವ್ರಿಗೆ ಏನಮ್ಮ ನಿರೀಕ್ಷೆ?” ಅಂದರು. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಅದೇ ನನಗೆ ಇನ್ನೂ ಉರಿಯುವುದು.

ಇನ್ನೊಂದು ಬೇಡಿಕೆಯೂ ಇತ್ತು. ಆಫೀಸಿನ ಹುಡುಗಿ ಎರಡು ನೋಂದಣಿ ನಂಬರು ಒತ್ತಿದರೆ ಪ್ರೋಗ್ರಾಂ ಮೊದಲು ಇಬ್ಬರ ಕ್ಲಾಸು ತಾಳೆಯಾಗುತ್ತದೆಯೇ ನೋಡುತ್ತದೆ. ತಾಳೆಯಾದರೆ ಮಾತ್ರ ನಕ್ಷತ್ರ, ರಾಶಿ ತೆಗೆದು ಜಾತಕದ ಕೂಡಾವಳಿ ನೋಡುತ್ತದೆ. ಕ್ಲಾಸೇ ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಯಾಕೆ ನಿಂತಿತು ಎಂಬ ಕಾರಣವನ್ನು ಬೇರೆಬೇರೆಯಾಗಿ ತೋರಿಸುತ್ತೇನೆ ಎಂದೆ. “ಎರರ್ ಗಿರರ್ ಅಂತ ಬಂದ್ರೆ ಜನ ಗಾಬ್ರಿ ಆಯ್ತಾರೆ. ಏನೇ ಆದ್ರೂ ‘ಈ ಜೋಡಿ ಕೂಡಿಬರುವುದಿಲ್ಲ’ ಅಂತ ಕನ್ನಡದಲ್ಲಿ ಬರ್ಲಿ, ಸಾಕು” ಅಂದರು. ಬಂತು.

ನನ್ನ ತಂಗಿಯ ಮೊದಲ ಮದುವೆ ಆದದ್ದು ಇದೇ ಕೇಂದ್ರದಿಂದ, ಇದೇ ಸಾಫ್ಟ್‌ವೇರಿನಿಂದ. ಒಳ್ಳೆಯ ಹುಡುಗ. ಹೈವೇಯಲ್ಲಿ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ಹೋದ. ಮಕ್ಕಳಿರಲಿಲ್ಲ. ತಂಗಿ ನನ್ನ ಮನೆಗೆ ಬಂದಳು. ಅಮೃತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ತುಮಕೂರಿನಿಂದ ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಅಮೃತೂರಿಗೆ ಇನ್ನೊಂದು ಪ್ರೈವೇಟ್ ಬಸ್ಸು. ಬಹಳ ಕಾಲ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಆಮೇಲೆ ಒಂದು ದಿನ ತಾನಾಗಿಯೇ ಅಂದಳು: “ಅಕ್ಕಾ, ಇನ್ನೊಂದ್ಸಲ ನೋಡೋಣ ಅನ್ಸುತ್ತೆ ಕಣೇ. ಮನೆಗ್ ಬಂದ್ರೆ ಮಾತಾಡೋಕೆ ಒಬ್ರು ಬೇಕು. ನೀನಂತೂ ಆ ಡಬ್ಬಾ ಜೊತೆನೇ ಮಾತಾಡ್ತೀಯ.”

ಕೇಂದ್ರಕ್ಕೆ ಹೋದೆವು. ಅವಳ ಹಳೆಯ ವಿವರ ಅಲ್ಲೇ ಇತ್ತು, ಫೋಟೋ ಸಮೇತ. ಅದರಲ್ಲಿ ಗಂಡ ತೀರಿಕೊಂಡಿದ್ದಾನೆ ಎಂದು ತಿದ್ದಿದರೆ ಆಗುತ್ತಿತ್ತಲ್ಲ? ಆಗುವುದಿಲ್ಲ. ಅವಳು ‘ವಧು’ವಾಗಿ ಹುಟ್ಟಿದ ಆಬ್ಜೆಕ್ಟು. ಹುಟ್ಟಿದ ಕ್ಲಾಸನ್ನು ಬದಲಿಸುವಂತಿಲ್ಲ. ಅದನ್ನು ಅಳಿಸಿಹಾಕಿ, ಬೇರೆ ಅಚ್ಚಿನಲ್ಲಿ ಹೊಸದಾಗಿ ಮಾಡಬೇಕು. ಆಫೀಸಿನ ಹುಡುಗಿ ನನ್ನ ಮುಖ ನೋಡಿಕೊಂಡೇ ಅಳಿಸುವ ಬಟನ್ ಒತ್ತಿದಳು, ಹೊಸದನ್ನು ತುಂಬತೊಡಗಿದಳು. ತಂಗಿ ಪರದೆಯನ್ನೇ ನೋಡುತ್ತಿದ್ದವಳು, “ನನಗೆ ಎಂಥವ್ರು ಬೇಕು ಅಂತ ಬರೆಯೋ ಜಾಗ ಎಲ್ಲೈತೆ?” ಅಂದಳು. ಇಲ್ಲ ಅಂದೆ. ಯಾಕಿಲ್ಲ ಅಂತಲೂ ಹೇಳಿದೆ. ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಜಾಗ ಇಲ್ಲದಿದ್ದರೇನು, ಭಾನುವಾರ ಮೈಕಿನ ಮುಂದೆ ನಿಂತು ಬಾಯಲ್ಲೇ ಹೇಳಿಬಿಟ್ಟಳು. ಊಟ ಆಗಿತ್ತು. ಉಳಿದವರು ತಲೆ ತಗ್ಗಿಸಿ ಗೊಣಗುಟ್ಟಿ ಇಳಿದಿದ್ದರು. ಇವಳು ಕ್ಲಾಸಿನಲ್ಲಿ ಪಾಠ ಮಾಡುವ ದನಿಯಲ್ಲೇ, “ನಾನು ಗಣಿತದ ಟೀಚರ್. ನನ್ನ ಗಂಡ ತೀರಿಕೊಂಡಿದಾರೆ. ಮನೇಲಿ ನನ್ನ ಜೊತೆ ಮಾತಾಡೋರು ಬೇಕು, ಅಷ್ಟೇ” ಅಂದಳು. ಅದನ್ನು ನಿಟ್ಟೂರಿನ ಒಬ್ಬ ಕೇಳಿಸಿಕೊಂಡ. ಮೊದಲ ಸಂಬಂಧದವನು, ಬೆಳಿಗ್ಗೆಯೇ ಅವನ ಸರದಿ ಮುಗಿದಿತ್ತು, ಜೊತೆಗೆ ಬಂದವರು ಎಲೆ ಅಡಿಕೆ ಹಾಕಿಕೊಂಡು ತಡಮಾಡಿದ್ದರಿಂದ ಉಳಿದುಕೊಂಡಿದ್ದ. ನಿಟ್ಟೂರಿನಲ್ಲಿ ಟೂ ವೀಲರ್ ರಿಪೇರಿ, ಸ್ಪೇರ್ ಪಾರ್ಟ್ಸ್ ಅಂಗಡಿ. ಸ್ವಲ್ಪ ತೆಂಗಿನ ತೋಟವೂ ಇದೆ. ಮೆಟ್ಟಿಲ ಹತ್ತಿರ ನಮ್ಮನ್ನು ನಿಲ್ಲಿಸಿ ತಾನಾಗಿಯೇ ಮಾತಾಡಿಸಿದ. ನನ್ನನ್ನು ಅಕ್ಕ ಅಂದ.

ಆಮೇಲೆ ಇಬ್ಬರೂ ಗುಬ್ಬಿಯ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಆಗಾಗ ಭೇಟಿಯಾದರು. ಬೈಕ್ ಸದ್ದು ಕೇಳಿದರೂ ನನ್ನ ತಂಗಿಗೆ ಕೈ ತಣ್ಣಗಾಗುತ್ತದೆ. ಅದನ್ನು ಅವಳು ಹೇಳಿದಾಗ ಅವನು, “ನೀವಾಗೇ ಹತ್ತುತೀನಿ ಅನ್ನೋವರ್ಗೂ ಬೈಕ್ ಹತ್ಸಲ್ಲ, ಬಸ್ಸಲ್ಲೇ ಓಡಾಡಣ” ಅಂದನಂತೆ. ಮನೆಗೆ ಬಂದು ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಿಟ್ಟೂರಿಂದ ತುಮಕೂರಿಗೆ ಬೆಳಿಗ್ಗೆ ರೈಲು ಯಾವಾಗ, ಗುಬ್ಬಿಯಲ್ಲಿ ಗಣಿತದ ಟೀಚರ್ ಬೇಕಾಗಿರುವ ಸ್ಕೂಲು ಯಾವುದು ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೇನು ಗೊತ್ತು? ಆದರೂ ಕೇಳಿಸಿಕೊಳ್ಳಲು ಹಿತವಾಗಿತ್ತು. ಅವಳು ಅಷ್ಟು ಮಾತಾಡಿ ವರ್ಷಗಳೇ ಆಗಿದ್ದವು.

ಇದ್ದ ತೊಡಕು ಅವನ ತಾಯಿ. ಪೂರಾ ಒಪ್ಪಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಕೇಂದ್ರದ ಮೂಲಕವೇ ಬರಲಿ ಅಂದಿದ್ದರು. ನಮ್ಮಲ್ಲಿ ಒಂದು ರೂಢಿಯಾಗಿದೆ. ಕೇಂದ್ರದವರು ಕೂಡಾವಳಿ ನೋಡಿ ಪ್ರಿಂಟ್ ತೆಗೆದು ಕೊಟ್ಟ ಹಾಳೆಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಹೂವಿಟ್ಟು, ಆಮೇಲೇ ಹೆಣ್ಣು ನೋಡಲು ಹೊರಡುವುದು. ಹಿಂದೆ ಜೋಯಿಸರು ಬರೆದುಕೊಟ್ಟ ಚೀಟಿಗೆ ಇದ್ದ ಮರ್ಯಾದೆ ಈಗ ಪ್ರಿಂಟರಿಗೆ ಬಂದಿದೆ. ಅವನು ತಾಯಿಯನ್ನು ಕರೆದುಕೊಂಡೇ ಕೇಂದ್ರಕ್ಕೆ ಹೋದ, ನಮಗೆ ಹೇಳಲಿಲ್ಲ. ಹೇಳಿದ್ದರೆ ತಡೆಯುತ್ತಿದ್ದೆ. ಆಫೀಸಿನ ಹುಡುಗಿ ಇಬ್ಬರ ನಂಬರನ್ನೂ ಒತ್ತಿದಳು. ಒಂದು ಕಡೆ ‘ವರ’, ಇನ್ನೊಂದು ಕಡೆ ಗೋಡೆಯಾಚೆಯ ಕ್ಲಾಸು. ಪ್ರೋಗ್ರಾಂ ಬಾಗಿಲಲ್ಲೇ ನಿಂತಿತು. ಹಾಳೆ ಬಂತು. ಈ ಜೋಡಿ ಕೂಡಿಬರುವುದಿಲ್ಲ.

ಆ ತಾಯಿ ಅದನ್ನು ಜಾತಕದ ಮಾತು ಎಂದುಕೊಂಡರು. ಬೇರೆ ಏನೆಂದುಕೊಳ್ಳಬೇಕಿತ್ತು? ಮಗನಿಗೆ ಏನಾದರೂ ಆದರೆ ಎಂದು ಅಲ್ಲೇ ಕಣ್ಣೀರು ಹಾಕಿದರಂತೆ. ಮೊದಲ ಗಂಡ ಸತ್ತವಳು ಬೇರೆ. ಸಂಜೆ ಅವನು ತಂಗಿಗೆ ಫೋನ್ ಮಾಡಿ, ಜಾತಕ ಕೂಡಿಬರಲಿಲ್ಲ, ಅಮ್ಮ ಹೆದರಿಕೊಂಡಿದ್ದಾರೆ ಎಂದ. ತಂಗಿ ಫೋನ್ ಕೆಳಗಿಟ್ಟು ನನ್ನನ್ನು ನೋಡಿದಳು. ನಾನು ಕೂತಲ್ಲೇ ಕುದ್ದುಹೋದೆ. ಜಾತಕ ಯಾವನು ನೋಡಿದ? ಅವಳ ನಕ್ಷತ್ರವನ್ನು ಪ್ರೋಗ್ರಾಂ ಮುಟ್ಟಿಯೂ ಇರಲಿಲ್ಲ.

ಅಧ್ಯಕ್ಷರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ಅದು ಜಾತಕವಲ್ಲ, ನೀವು ಹಾಕಿಸಿದ ಗೋಡೆ, ಹಾಗಂತ ಅವರಿಗೆ ನೀವೇ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

“ಛೇ ಛೇ, ನಿಮ್ಮ ತಂಗಿಗೆ ಹಂಗಾಯ್ತಾ? ಪಾಪ” ಅಂದರು. ಆಮೇಲೆ, “ಆದ್ರೂ ಒಂದ್ ಲೆಕ್ಕದಲ್ಲಿ ಕಂಪ್ಯೂಟರ್ ಅದರ ಕೆಲ್ಸ ಸರಿಯಾಗೇ ಮಾಡೈತೆ ಅಂದಂಗಾಯ್ತಲ್ವಾ? ನಿಮ್ ಮನೆಯೋರು ಅಂತ ನಾನು ಹೇಳಕ್ಕೆ ಹೋದ್ರೆ ನಾಳೆ ನಾಕ್ ಜನ ಕೇಳ್ತಾರೆ ಕಣಮ್ಮ” ಅಂದರು.

ಫೋನಿನಲ್ಲೇ ಬಾಯಿಗೆ ಬಂದದ್ದು ಅಂದೆ. ಏನಂದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಗುಬ್ಬಿಯಲ್ಲಿ ಜಾತಕ ನೋಡುವ ಹಳೆಯ ಅಯ್ನೋರೊಬ್ಬರ ಬಳಿ ಹೋಗಿ ಇಬ್ಬರ ಜಾತಕವನ್ನೂ ತೋರಿಸಿದೆ. ನನಗೆ ಜಾತಕದಲ್ಲಿ ನಂಬಿಕೆಯಿಲ್ಲ. ಆದರೆ ನಂಬುವವರ ಮನೆಗೆ ಹೋಗುತ್ತಿದ್ದೆನಲ್ಲ. “ಚೆನ್ನಾಗೇ ಕೂಡಿಬಂದೈತೆ, ಯಾರಮ್ಮ ಇಲ್ಲ ಅಂದೋರು?” ಅಂದರು. ಸಂತೋಷಕ್ಕೆ ಅವರ ಕಾಲಿಗೆ ಬೀಳುವುದೊಂದು ಬಾಕಿ. ಅಲ್ಲಿಂದ ನೇರ ನಿಟ್ಟೂರಿಗೆ ಬಸ್ಸು ಹತ್ತಿದೆ.

ಅಂಗಡಿಯ ಹಿಂದೆಯೇ ಅವರ ಮನೆ. ತಾಯಿ ಜಗಲಿಯಲ್ಲಿ ಕೂತು ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದರು. “ಬಾರವ್ವ, ಒಳಕ್ಕೆ ಬಾ” ಅಂತ ಪ್ರೀತಿಯಿಂದಲೇ ಕರೆದು ಕಾಫಿ ಕೊಟ್ಟರು. ಅವನೂ ಅಂಗಡಿಯಿಂದ ಬಂದು ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ. ನಾನು ಹೇಳಿದೆ. ಆ ಸಾಫ್ಟ್‌ವೇರ್ ಬರೆದವಳು ನಾನೇ, ಅದು ಜಾತಕ ನೋಡಿಯೇ ಇಲ್ಲ, ಬಾಗಿಲಲ್ಲೇ ವಾಪಸ್ ಕಳಿಸಿದೆ, ಗುಬ್ಬಿಯ ಅಯ್ನೋರು ಚೆನ್ನಾಗಿ ಕೂಡಿಬಂದಿದೆ ಎಂದಿದ್ದಾರೆ, ನೀವೇ ಹೋಗಿ ಕೇಳಿ.

ಅವರು ಪೊರಕೆ ಕಡ್ಡಿಯನ್ನು ಕೆಳಗಿಟ್ಟರು. “ಹಂಗಾರೆ ಜಾತಕ ನೋಡ್ಲೇ ಇಲ್ವಾ?”

“ಇಲ್ಲಮ್ಮ. ಅಲ್ಲೀತನಕ ಹೋಗೇ ಇಲ್ಲ.”

“ಮತ್ತೆ ಬಾಗ್ಲಲ್ಲೇ ಯಾಕ್ ವಾಪಸ್ ಕಳುಸ್ತು?”

“ನನ್ನ ತಂಗಿದು ಎರಡನೇ ಸಂಬಂಧ, ನಿಮ್ಮ ಮಗಂದು ಮೊದಲನೇದು ಅಂತ.”

“ಅದೇ ಕಣವ್ವ ನಾನೂ ಹೇಳಾದು” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ನೆಮ್ಮದಿ ಇತ್ತು. “ಜಾತಕ ಅಂದ್ಕಂಡು ಎದ್ರುಕೊಂಡಿದ್ದೆ. ಜಾತಕ ಎಂಗಾನಾ ಇರ್ಲಿ ಬುಡು. ಅಂಥ ಕಂಪೂಟ್ರೇ ಬ್ಯಾಡ ಅಂದ್ಮೇಕೆ ನಾನ್ಯಾವ ಸೀಮೆಯೋಳು ಊಂ ಅನ್ನಾಕೆ?”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಂಪ್ಯೂಟರ್ ಏನನ್ನೂ ಹೇಳುವುದಿಲ್ಲಮ್ಮ, ಅದಕ್ಕೆ ನಾವು ಹೇಳಿಕೊಟ್ಟದ್ದನ್ನೇ ಅದು ತಿರುಗಿ ಹೇಳುತ್ತದೆ ಎಂದೆ. “ಅದೇ ಮತ್ತೆ, ನೀವು ಓದಿರೋರೇ ಹೇಳ್ಕೊಟ್ಟಿದೀರಲ್ಲ” ಅಂದರು. ನಾನು ಬಾಗಿಲ ಕಡೆ ತಿರುಗಿ ಅವನನ್ನು ನೋಡಿದೆ. ಈಗಲಾದರೂ ಒಂದು ಮಾತಾಡುತ್ತಾನೆ ಎಂದು ಕಾದೆ. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದ.

“ಅಮ್ಮನ ಮನ್ಸಿಗೆ ಬರ್ಬೇಕಲ್ಲ ಮೇಡಂ” ಅಂದ.

ಅಕ್ಕ ಹೋಗಿ ಮೇಡಂ ಆಗಿದ್ದೆ. ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ.

ಮನೆಗೆ ಬಂದಾಗ ತಂಗಿ ನಡುಮನೆಯಲ್ಲಿ ಕೂತು ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದಳು. ನಾನು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದೆ. ಅಧ್ಯಕ್ಷರನ್ನು ಬೈದೆ, ಕಮಿಟಿಯನ್ನು ಬೈದೆ, ಆ ತಾಯಿಯನ್ನು ಬೈದೆ. ಆ ಗೋಡೆಯನ್ನು ನಾಳೆಯೇ ಕಿತ್ತುಹಾಕುತ್ತೇನೆ, ನೀನು ಯಾವ ಕ್ಲಾಸೂ ಅಲ್ಲ, ಅವರು ಯಾರು ಕೇಳುವುದಕ್ಕೆ, ಹೊಸ ಹಾಳೆ ತೆಗೆದು ಅವರ ಮುಖಕ್ಕೆ ಹಿಡಿಯುತ್ತೇನೆ ಎಂದೆ. ಇನ್ನೂ ಏನೇನೋ ಹೇಳುವುದಿತ್ತು.

“ಅಕ್ಕಾ, ಸಾಕು ಕಣೇ” ಅಂದಳು. “ಕಂಪ್ಯೂಟರ್ ಏನಂತು ಹೇಳ್ದೆ, ಅವ್ರಮ್ಮ ಏನಂದ್ರು ಹೇಳ್ದೆ. ಅವ್ರು ಸ್ವತಃ ಏನಂದ್ರು?”

ಹೇಳಿದೆ.

“ಅಷ್ಟೇನಾ?”

“ಅಷ್ಟೇ.”

ಅವಳು ಒಂದೆರಡು ಕಾಳು ಹಿತುಕಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. “ಹಂಗಾದ್ರೆ ‘ಕೂಡಿಬರಲ್ಲ’ ಅಂತ ನಿನ್ನ ಪ್ರೋಗ್ರಾಂ ತಪ್ಪು ಹೇಳ್ಲಿಲ್ಲ ಬಿಡು” ಅಂದಳು.

ತಪ್ಪೇ ಹೇಳಿತ್ತು. ಅವನ ಬಗ್ಗೆ ಅದಕ್ಕೇನು ಗೊತ್ತಿತ್ತು, ಅದು ನೋಡಿದ್ದು ನಿನ್ನೊಬ್ಬಳನ್ನೇ, ತಡೆದದ್ದೂ ನಿನ್ನೊಬ್ಬಳನ್ನೇ ಎಂದು ಹೇಳಲು ಬಾಯಿ ತೆರೆದೆ. ಅವಳು ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಾಳಿಗೆ ಕೈಹಾಕಿದೆ.